ಮುಖ ನೋಡಿ ಕೊರೆದ ಅಕ್ಷರಗಳು

ಕನ್ನಡದ ಅಕ್ಷರ ದುಂಡಗೆ, ಮುತ್ತಿನ ಹಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೆಳೆದ ನನ್ನ ಓರಗೆಯವರ ಕಣ್ಣಿಗೆ ರೂಢಿಯಾದ ಅಕ್ಷರಗಳೇ ಬೇರೆ. ಅವಕ್ಕೆ ಮೂಲೆಗಳಿದ್ದವು. ದಪ್ಪ ಮೈ, ಎತ್ತರದ ನಿಲುವು, ಅಗಲ ಮಾತ್ರ ಕಡಿಮೆ. ಬಸ್ಸಿನ ಸೀಟಿನಲ್ಲಿ ಒತ್ತರಿಸಿಕೊಂಡು ಕೂತವರ ಹಾಗೆ ಒಂದಕ್ಕೊಂದು ಭುಜ ತಾಗಿಸಿ ನಿಂತಿರುತ್ತಿದ್ದವು. ಸೊನ್ನೆ ಕೂಡ ದುಂಡಗಿರದೆ ಶಂಕರಪಾಳಿಯ ಆಕಾರದಲ್ಲಿತ್ತು. ಕುಸ್ತಿಯ ಪೋಸ್ಟರು, ಎತ್ತುಗಳ ತೆರೆಬಂಡಿ ಸ್ಪರ್ಧೆಯ ಪೋಸ್ಟರು, ಊರಿಗೆ ಬಂದ ನಾಟಕ ಕಂಪನಿಯ ಪೋಸ್ಟರು, ಎಲ್ಲದರ ತಲೆಯ ಮೇಲೂ ಅವೇ. ಬಸ್ಸು ನಿಲ್ಲದೆ ಹೋದರೂ ಕಿಟಕಿಯಲ್ಲಿ ಕೂತವರು ಓದಿ ಮುಗಿಸುತ್ತಿದ್ದರು. ಗಿರಾಕಿಗಳೇ ಅದಕ್ಕೆ 'ಉಳಿ ಅಕ್ಷರ' ಎಂದು ಹೆಸರಿಟ್ಟಿದ್ದರು.

ಆ ಅಕ್ಷರಗಳನ್ನು ಕಟ್ಟಿಗೆಯಲ್ಲಿ ಕೊರೆದವರು ಜಮಖಂಡಿಯಲ್ಲಿ ನಮ್ಮ ಅಪ್ಪನ ಪ್ರೆಸ್ಸಿನಲ್ಲಿದ್ದರು. ಅಪ್ಪ ಅವರನ್ನು ಮಿಸ್ತ್ರಿ ಅನ್ನುತ್ತಿದ್ದರು, ಊರೂ ಮಿಸ್ತ್ರಿ ಅನ್ನುತ್ತಿತ್ತು, ನಾನು ಚಿಕ್ಕವಳಿದ್ದಾಗಿನಿಂದ ಮಿಸ್ತ್ರಿ ಕಾಕಾ ಅನ್ನುತ್ತಿದ್ದೆ. ಹೋದ ತಿಂಗಳು ಬನಹಟ್ಟಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಪ್ರೆಸ್ಸು ಈಗ ನನ್ನದು. ಮುಂದಿನ ಕೋಣೆಯಲ್ಲಿ ಫ್ಲೆಕ್ಸ್ ಮಷೀನು, ಹಿಂದಿನ ಕೋಣೆಯಲ್ಲಿ ಅಪ್ಪನ ಕಾಲದ ಕಬ್ಬಿಣದ ಮಷೀನು, ಅದರ ಪಕ್ಕದ ಕಪಾಟಿನಲ್ಲಿ ಕಾಕಾ ಕೊರೆದ ಅಕ್ಷರಗಳು. ಹಳೆಯದನ್ನೆಲ್ಲ ಗುಜರಿಗೆ ಹಾಕಿ ಜಾಗ ಮಾಡಿಕೋ ಎಂದು ಬುದ್ಧಿ ಹೇಳಲು ಬರುವವರಿಗೆ ನಾನು ಚಹಾ ಕೊಟ್ಟು ಕಳಿಸುತ್ತೇನೆ, ಮಾತು ಬೆಳೆಸುವುದಿಲ್ಲ.

ಕಾಕಾ ಹುಟ್ಟಾ ಅಕ್ಷರದವರಲ್ಲ, ಮಗ್ಗದವರು. ಬನಹಟ್ಟಿಯಲ್ಲಿ ಕೈಮಗ್ಗಕ್ಕೆ ಲಾಳಿ ಮಾಡುವ ಬಡಿಗತನ ಅವರ ಮನೆಯ ಕಸುಬು. ವಿದ್ಯುತ್ ಮಗ್ಗಗಳು ಬಂದವು, ಲಾಳಿ ಹೊರಗಿನಿಂದ ತಯಾರಾಗಿ ಬರತೊಡಗಿತು, ಇವರ ಉಳಿಗೆ ಕೆಲಸವಿಲ್ಲದಾಯಿತು. ಅದೇ ಹೊತ್ತಿಗೆ ಅಪ್ಪನಿಗೆ ಪೋಸ್ಟರಿನ ತಲೆಬರಹಕ್ಕೆ ದೊಡ್ಡ ಅಕ್ಷರ ಬೇಕಾಗಿದ್ದವು. ಸೀಸದ ಅಚ್ಚುಮೊಳೆಗಳು ಅಷ್ಟು ದೊಡ್ಡವು ಸಿಗುತ್ತಿರಲಿಲ್ಲ. ಕಟ್ಟಿಗೆಯಲ್ಲಿ ಕೊರೆದುಕೊಡುತ್ತೀರಾ ಎಂದು ಅಪ್ಪ ಕೇಳಿದರು. "ಅದರಾಗೇನೈತ್ರೀ ಸಾವಕಾರ್ರ, ನಾಳೆ ತಗೋರಿ" ಎಂದರಂತೆ ಕಾಕಾ. ಯಾವ ಕೆಲಸ ಕೇಳಿದರೂ ಅವರ ಬಾಯಲ್ಲಿ ಬರುತ್ತಿದ್ದ ಮೊದಲ ಮಾತು ಅದೇ.

ಮರುದಿನ ತಂದೇಬಿಟ್ಟರು, ಒಬ್ಬ ಪೈಲ್ವಾನನ ಪೂರ್ತಿ ಹೆಸರು. ಅಪ್ಪ ಬೇರೆ ಕೆಲಸದ ಗಡಿಬಿಡಿಯಲ್ಲಿ ಸರಿಯಾಗಿ ನೋಡದೆ ಮಷೀನಿಗೆ ಏರಿಸಿದರು. ಅಚ್ಚಾಗಿ ಬಂದದ್ದು ನೋಡಿದರೆ ಹೆಸರು ಹಿಂದುಮುಂದು. ಕನ್ನಡಿಯಲ್ಲಿ ಹಿಡಿದರೆ ಮಾತ್ರ ಓದಲು ಬರುವ ಹಾಗಿತ್ತು. ಅಚ್ಚಿಗೆ ಕೊರೆಯುವ ಅಕ್ಷರ ತಿರುವಿ ಕೊರೆಯಬೇಕು. ಲಾಳಿ ಎರಡೂ ತುದಿಗೆ ಒಂದೇ ಥರ ಇರುತ್ತದೆ, ಎಡಕ್ಕೂ ಓಡುತ್ತದೆ, ಬಲಕ್ಕೂ ಓಡುತ್ತದೆ. ಹುಟ್ಟಿನಿಂದ ಲಾಳಿ ಮಾಡಿದ ಕೈಗೆ ಎಡ ಬಲದ ಚಿಂತೆ ಎಲ್ಲಿಂದ ಬರಬೇಕು? ಪೈಲ್ವಾನನ ಕಡೆಯವನು ಪೋಸ್ಟರ್ ನೋಡಿ, "ನಮ್ಮ ಹುಡುಗ ಇನ್ನ ಅಖಾಡಕ್ಕ ಇಳದಿಲ್ರೀ, ಆಗಲೇ ಬೆನ್ನ ತೋರಸಾಕತ್ತಾನಲ್ಲ" ಎಂದು ಕೂತ. ಅಪ್ಪನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತಂತೆ. ಕಾಕಾ ಮಾತ್ರ ಪೋಸ್ಟರನ್ನು ಎತ್ತಿ, ಬಿಸಿಲಿಗೆ ಹಿಡಿದು, ಹಿಂಬದಿಯಿಂದ ತೋರಿಸಿದರು. "ಅಕ್ಷರ ಬರೋಬರಿ ಅದಾವ್ರೀ. ಕಾಗದಾ ತಪ್ಪ ಮಗ್ಗಲಕ ಕುಂತೈತಿ." ಆ ಮನುಷ್ಯ ನಕ್ಕುಬಿಟ್ಟ. ಕಾಕಾ ಆ ರಾತ್ರಿಯೂ ಮರುದಿನವೂ ಕೂತು ಎಲ್ಲವನ್ನೂ ತಿರುವಿ ಕೊರೆದರು. ತಪ್ಪಾಯಿತು ಎಂದು ಮಾತ್ರ ಒಪ್ಪಿಕೊಳ್ಳಲಿಲ್ಲ, ಸಾಯುವ ತನಕವೂ ಒಪ್ಪಿಕೊಳ್ಳಲಿಲ್ಲ.

ಅಕ್ಷರ ಯಾಕೆ ದುಂಡಗಿಲ್ಲ ಎಂದು ಯಾರಾದರೂ ಕೇಳಿದರೆ ಕಾಕಾ ಕೇಳಿದವರನ್ನೇ ಮೇಲಿಂದ ಕೆಳಗೆ ನೋಡುತ್ತಿದ್ದರು. "ಕಟ್ಟಿಗಿಗಿ ಎಳಿ ಇರತೈತಿ. ದುಂಡ ಮಾಡಾಕ ಹೋದ್ರ ಎಳಿ ಅಡ್ಡ ಬಂದು ಚಕ್ಕಿ ಹಾರತೈತಿ. ನಾ ಕಟ್ಟಿಗಿ ಜೋಡಿ ಜಗಳಾ ಆಡಂಗಿಲ್ಲ." ಹಾಗಾಗಿ ಬಳುಕಬೇಕಾದಲ್ಲೆಲ್ಲ ಉಳಿ ನೇರ ಇಳಿದು, ಒಂದು ಮೂಲೆ ಮಾಡಿ ಹೊರಳಿತು. ಅಗಲ ಯಾಕೆ ಕಡಿಮೆ ಎಂಬುದಕ್ಕೆ ಕಾರಣ ಕಟ್ಟಿಗೆಯದಲ್ಲ, ಕುಸ್ತಿಯದು. ನಮ್ಮ ಕಡೆಯ ಪೈಲ್ವಾನರ ಹೆಸರು ಉದ್ದ. ಊರು, ಅಪ್ಪ, ಅಡ್ಡಹೆಸರು ಎಲ್ಲ ಸೇರಿದರೆ ಪೋಸ್ಟರಿನ ಕಾಗದ ಸಾಲದು. ಹೆಸರನ್ನು ಎರಡು ಸಾಲಿಗೆ ಮುರಿಯುವಂತೆಯೂ ಇಲ್ಲ. ಪೋಸ್ಟರಿನಲ್ಲಿ ಹೆಸರು ಮುರಿದರೆ ಅಖಾಡದಲ್ಲಿ ಆಳು ಬೀಳುತ್ತಾನೆ ಎಂದು ತಾಲೀಮಿನ ಮನೆಗಳಲ್ಲಿ ಗಟ್ಟಿ ನಂಬಿಕೆ. ಆದ್ದರಿಂದ ಅಕ್ಷರ ತಾನೇ ಹೊಟ್ಟೆ ಒಳಗೆಳೆದುಕೊಂಡಿತು, ಅಗಲದಲ್ಲಿ ಕಳೆದುಕೊಂಡದ್ದನ್ನು ಎತ್ತರದಲ್ಲೂ ದಪ್ಪದಲ್ಲೂ ವಸೂಲಿ ಮಾಡಿತು.

ನೋಡಲು ಕಾಕಾ ತಮ್ಮ ಅಕ್ಷರದ ಹಾಗೇನೂ ಇರಲಿಲ್ಲ. ಗಿಡ್ಡ, ದುಂಡು ಮುಖ, ತಲೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸಣ್ಣ ಉಳಿ. ಹೊಗಳಿಕೆ ಬೇಡ ಅನ್ನುವ ಜಾತಿಯವರಲ್ಲ. ಯಾರೂ ಹೊಗಳದಿದ್ದರೆ ತಾವೇ ಶುರು ಮಾಡುತ್ತಿದ್ದರು. ಹೊಸ ಪೋಸ್ಟರ್ ಅಂಟಿಸಿದ ದಿನ ಬಸ್ ಸ್ಟ್ಯಾಂಡಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು, ಎಲ್ಲಿಯವರೆಗೆ ಓದಲು ಬರುತ್ತದೆ ನೋಡಲು. ಒಮ್ಮೆ ಹಾಗೇ ನಡೆಯುತ್ತ ಹೂವಿನ ಅಂಗಡಿಯವಳ ಬುಟ್ಟಿಯೊಳಗೆ ಕೂತುಬಿಟ್ಟರು. ಅವಳು ಬೈಯುತ್ತಿದ್ದರೆ, "ಇಲ್ಲಿತನಾ ಓದಾಕ ಬರತೈತಿ ನೋಡು ತಂಗಿ" ಎಂದು ಅವಳಿಗೇ ಹೇಳಿದರು. ಮದುವೆ ಪತ್ರಿಕೆಗೆ ಆ ಅಕ್ಷರ ಕೇಳಿದವರಿಗೆ ಮಾತ್ರ ಖಡಾಖಂಡಿತವಾಗಿ ಇಲ್ಲ ಅನ್ನುತ್ತಿದ್ದರು. "ಬ್ಯಾಡ್ರೀ. ಬೀಗರು ಕುಸ್ತಿಗಿ ಕರದಾರ ಅಂತ ತಿಳಕೋತಾರ."

ಅವರದೊಂದು ಪದ್ಧತಿ ಇತ್ತು, ಅದರಿಂದಲೇ ಮುಂದಿನ ಕಥೆ ಹುಟ್ಟಿತು. ವರ್ಣಮಾಲೆ ಇಟ್ಟುಕೊಂಡು ಅ ಯಿಂದ ಳ ವರೆಗೆ ಅವರು ಕೊರೆದವರಲ್ಲ. ಒಬ್ಬ ಮನುಷ್ಯನ ಹೆಸರಿಗೆ ಬೇಕಾದಾಗ ಮಾತ್ರ ಹೊಸ ಅಕ್ಷರ. ಅದೂ ಆ ಮನುಷ್ಯ ಎದುರಿಗೆ ಬಂದು ಕೂತ ಮೇಲೆ. "ಮಾರಿ ನೋಡದ ಅಕ್ಷರಾ ಹೆಂಗ ನಿಲ್ಲಸಬೇಕು?" ಎಂಬುದು ಅವರ ಪ್ರಶ್ನೆ. ಮುಧೋಳದ ಕಡೆಯ ಢವಳೇಶ್ವರ ಎಂಬ ಅಡ್ಡಹೆಸರಿನ ಜಮೀನುದಾರರು ತೆರೆಬಂಡಿ ಸ್ಪರ್ಧೆಯ ಪೋಸ್ಟರಿಗೆ ಆಳಿನ ಕೈಯಲ್ಲಿ ಹೇಳಿಕಳಿಸಿದ್ದರು. ಕಾಕಾ ಆಳನ್ನು ವಾಪಸು ಕಳಿಸಿದರು. ಜಮೀನುದಾರರು ಸಿಟ್ಟಿನಿಂದ ಜೀಪು ಹತ್ತಿ ಬಂದರು. ಕಾಕಾ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, ಅವರು ಕುಡಿದು ಮುಗಿಸುವ ತನಕ ಸುಮ್ಮನೆ ನೋಡಿದರು. "ಆತ್ರೀ, ಹೋಗ್ರಿನ್ನ" ಎಂದರು. ಪೋಸ್ಟರಿನಲ್ಲಿ ಬಂದ ಢ ಮೂಲೆ ಮೂಲೆಯಾಗಿಯೇ ಇತ್ತು, ಆದರೆ ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ನೋಡಿದವರೆಲ್ಲ ನಕ್ಕರು, ಜಮೀನುದಾರರೂ ನಕ್ಕರು, ಇನ್ನಷ್ಟು ಪೋಸ್ಟರ್ ಹೆಚ್ಚಿಗೆ ಹಾಕಿಸಿದರು. ಆಮೇಲೆ ಯಾರ ಪೋಸ್ಟರಿಗೆ ಢ ಬೇಕಾದರೂ ಪ್ರೆಸ್ಸಿನಲ್ಲಿ "ಢವಳೇಶ್ವರರ ಢ ತಗೊಂಡ ಬಾ" ಎಂದೇ ಕೂಗುತ್ತಿದ್ದರು. ಕಪಾಟಿನ ಪ್ರತಿಯೊಂದು ಅಕ್ಷರಕ್ಕೂ ಹಾಗೆ ಒಬ್ಬ ಮೊದಲ ಯಜಮಾನ ಇದ್ದ.

ನಾನು ಫ್ಲೆಕ್ಸ್ ಮಷೀನು ತಂದ ದಿನ ಅವರ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ಅವರು ಮಷೀನಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತು, ಬಣ್ಣದ ಹಾಳೆ ಸರಸರ ಹೊರಗೆ ಬರುವುದನ್ನು ನೋಡಿದರು. ನಾನು ಏನೋ ಸಮಾಧಾನ ಹೇಳಲು ಹೋದೆ. "ಮಗ್ಗದ ಜೋಡಿ ಒಮ್ಮೆ ಸತ್ತ ಬಂದೇನಿ ಬೇ. ನಂಗೇನ ಹೊಸಾದಲ್ಲ. ನೀ ಯಾಕ ಮಾರಿ ಸಣ್ಣ ಮಾಡೀ?" ಎಂದರು. ಒಂದು ವಾರದೊಳಗೆ ತಗಡು ತಂದು ಅದೇ ಅಕ್ಷರಗಳನ್ನು ತಗಡಿನಲ್ಲಿ ಕತ್ತರಿಸತೊಡಗಿದರು, ಮೇಲೆ ಬಣ್ಣ ಬಳಿದರೆ ಕೆಳಗೆ ಅಕ್ಷರ ಮೂಡುವ ಹಾಗೆ. ಪೇಂಟರುಗಳು ಬಂದು ಒಯ್ದರು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಹೇರಿಕೊಂಡು ಸಾಲುಗಟ್ಟಿ ನಿಲ್ಲುವ ಟ್ರಾಲಿಗಳ ಹಿಂಬದಿ, ತುಬಚಿಯ ಕಡೆ ಪಂಪಿನ ಮನೆಗಳ ಬಾಗಿಲು, ರಬಕವಿಯಲ್ಲಿ ಸೀರೆಯ ಗಂಟುಗಳ ಮೈ, ಎಲ್ಲ ಕಡೆ ಉಳಿ ಅಕ್ಷರ ಹೋಗಿ ಕೂತಿತು. ಕುಸ್ತಿಯಲ್ಲಿದ್ದಾಗ ಸಿಕ್ಕದಷ್ಟು ಊರು ಸುತ್ತಿತು.

ಆದರೆ ಫ್ಲೆಕ್ಸಿಗೆ ಬಂದ ಗಿರಾಕಿಗಳು ಅದನ್ನೇ ಕೇಳುತ್ತಿದ್ದರು. "ಆ ಉಳಿ ಅಕ್ಷರದಾಗ ಹಾಕ್ರಿ ಅಕ್ಕಾರ" ಅನ್ನುವರು. ಕಂಪ್ಯೂಟರಿನಲ್ಲಿ ಅದು ಇಲ್ಲ. ನಾನು ಹಳೆಯ ಪೋಸ್ಟರಿನ ಫೋಟೋ ತೆಗೆದು, ಕತ್ತರಿಸಿ ಅಂಟಿಸಿ ಹಾಕಿದರೆ ಅಂಚೆಲ್ಲ ಚಿಂದಿ. ನನ್ನ ತಂಗಿಯ ಮಗಳು ಶೈಲಾ ಧಾರವಾಡದಲ್ಲಿ ಕಂಪ್ಯೂಟರಿಗೆ ಅಕ್ಷರ ರೂಪಿಸುವ ಕೆಲಸ ಮಾಡುತ್ತಾಳೆ. ಅವಳನ್ನು ಕರೆಸಿದೆ. ಕಪಾಟು ತೆರೆದು ನೋಡಿದ ಅವಳು ಅರ್ಧ ದಿನ ನೆಲ ಬಿಟ್ಟು ಏಳಲಿಲ್ಲ. ಎಲ್ಲದರ ಫೋಟೋ ತೆಗೆದಳು. ಆಮೇಲೆ, "ದೊಡ್ಡಮ್ಮ, ಇದರಾಗ ಕೆಲವು ಅಕ್ಷರ ಇಲ್ಲ. ಅವಿಲ್ಲಂದ್ರ ಇದು ಪೂರಾ ಆಗಂಗಿಲ್ಲ" ಎಂದಳು. ಝ ಇರಲಿಲ್ಲ, ಔ ಇರಲಿಲ್ಲ, ಙ ಞ ಇರಲಿಲ್ಲ, ಒತ್ತಕ್ಷರಗಳಲ್ಲಿಯೂ ಒಂದು ಕಡಿಮೆ ಇತ್ತು. ನಮ್ಮ ನಾಲ್ಕು ಊರಿನಲ್ಲಿ ಅವು ಬೇಕಾದ ಪೈಲ್ವಾನ ಹುಟ್ಟಿರಲಿಲ್ಲ, ಅಷ್ಟೇ.

ಕಾಕಾನಿಗೆ ಆಗಲೇ ಎಂಬತ್ತು ದಾಟಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಕೈ ಗಟ್ಟಿ ಇತ್ತು, ಆದರೆ ಇನ್ನೆಷ್ಟು ದಿನ? ಅವರಿರುವಾಗಲೇ, ಅವರ ಕೈಯಿಂದಲೇ ಆ ಅಕ್ಷರಗಳು ಪೂರ್ತಿಯಾಗಬೇಕು ಎಂಬುದೊಂದೇ ನನ್ನ ತಲೆಯಲ್ಲಿ ಕೂತಿತು. ಅವರು ಹೋದ ಮೇಲೆ ಯಾರು ಮಾಡಿದರೂ ಅದು ನಕಲಾಗುತ್ತಿತ್ತು. ಹೋಗಿ ಕೇಳಿದೆ. "ಯಾರಿಗಿ ಬೇಕಾಗೈತಿ?" ಎಂದರು. ಯಾರಿಗೂ ಅಲ್ಲ, ಕಂಪ್ಯೂಟರಿಗೆ ಎಂದೆ. "ಹಂಗಾರ ಕಂಪ್ಯೂಟರನ್ನ ಸ್ಟೂಲಿನ ಮ್ಯಾಲ ಕುಂದರ್ಸು" ಎಂದು ಉಳಿಗೆ ಸಾಣೆ ಹಿಡಿಯತೊಡಗಿದರು.

ಶೈಲಾ ತಾನೇ ಒಂದು ಝ ಬರೆದು ತೋರಿಸಿದಳು. ಅವಳ ಕೈ ಚೆನ್ನಾಗಿಯೇ ಇದೆ, ನನಗೇನೂ ತಪ್ಪು ಕಾಣಲಿಲ್ಲ. ಕಾಕಾ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಛಲೋ ಐತವ್ವಾ. ಎಲುಬಷ್ಟ ಇಲ್ಲ" ಎಂದರು. ಆಕೆಗೆ ಸಿಟ್ಟು ಬಂತು. ನನಗೂ ಬಂತು. ನನಗೆ ಸಿಟ್ಟು ಬಂದರೆ ಸುಳ್ಳು ಹೇಳುವ ಚಾಳಿ. ಝಂಕಾರ ಬ್ರಾಸ್ ಬ್ಯಾಂಡ್ ಎಂದೊಂದು ಬ್ಯಾಂಡು ಹುಟ್ಟಿದೆ, ಅವರಿಗೆ ಬೋರ್ಡು ಬೇಕು ಎಂದೆ. ಕರಕೊಂಡು ಬಾ ಎಂದರು. ನಮ್ಮಲ್ಲಿ ಫ್ಲೆಕ್ಸು ಕಟ್ಟುವ ಮಹಾದೇವನಿಗೆ ಬ್ಯಾಂಡಿನ ಮಾಲಕನಾಗು ಎಂದು ಹೇಳಿ, ತಲೆ ಬಾಚಿಸಿ ಕರೆದೊಯ್ದೆ. ಕಾಕಾನ ಕಣ್ಣು ಮಂಜಾಗಿದೆ, ಗುರುತು ಹಿಡಿಯಲಿಕ್ಕಿಲ್ಲ ಎಂಬ ಧೈರ್ಯ. ಅವರು ಮಹಾದೇವನನ್ನು ಸ್ಟೂಲಿನ ಮೇಲೆ ಕೂರಿಸಿ ಬಹಳ ಮರ್ಯಾದೆಯಿಂದ ಮಾತಾಡಿಸಿದರು. "ಏನ ಊದತೀರಿ?" "ಕ್ಲಾರಿನೆಟ್ ರೀ." "ಗಲ್ಲಾ ಉಬ್ಬಿಸಿ ತೋರಸ್ರಿ." ಮಹಾದೇವ ಗಲ್ಲ ಉಬ್ಬಿಸಿದ. "ಲೇ ಮಹಾದೇವಾ, ಹೋಗಿ ಬಸ್ ಸ್ಟ್ಯಾಂಡಿನ್ಯಾಗಿನ ಫ್ಲೆಕ್ಸ್ ಬಿಗಿ ಕಟ್ಟು, ಗಾಳಿಗಿ ಹಾರಾಕತ್ತೈತಿ" ಎಂದರು ಕಾಕಾ. ಆಮೇಲೆ ನನ್ನ ಕಡೆ ತಿರುಗಿ, "ನಾಟಕ ಕಂಪನ್ಯಾಗ ನಿನ್ನ ತಗೋಳಂಗಿಲ್ಲ ಬೇ" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಸರಿ, ನಿಜವಾದ ಗಿರಾಕಿಗಳನ್ನೇ ಹುಡುಕುವುದೆಂದು ಶೈಲಾ ಮತ್ತು ನಾನು ಹೊರಟೆವು. ಸಿಕ್ಕ ಸಿಕ್ಕವರ ಹೆಸರು ಕೇಳುವುದೇ ಕೆಲಸವಾಯಿತು. ಔ ಬೇಗ ಸಿಕ್ಕಿತು. ಬೀಳಗಿಯಲ್ಲಿ ಔದುಂಬರ ಎಂಬ ಹೆಸರಿನ ಕಿರಾಣಿ ಅಂಗಡಿಯವರು, ಪಾಪ, ಹೊಸ ಬೋರ್ಡಿನ ಆಸೆಗೆ ಜಮಖಂಡಿಯ ತನಕ ಬಂದು ಸ್ಟೂಲಿನ ಮೇಲೆ ಕೂತು ಹೋದರು. ಝ ಮಾತ್ರ ಸತಾಯಿಸಿತು. ಕೊನೆಗೆ ಸಿಕ್ಕದ್ದು ಮನುಷ್ಯರಲ್ಲಿ ಅಲ್ಲ. ತಿಮ್ಮಾಪುರದ ಹತ್ತಿರ ಮುಧೋಳ ನಾಯಿ ಸಾಕಿದ ರೈತರೊಬ್ಬರ ಮನೆಯಲ್ಲಿ ಝಾನ್ಸಿ ಎಂಬ ಹೆಣ್ಣು ನಾಯಿ ಇತ್ತು. ಓಟದಲ್ಲಿ ಗೆದ್ದದ್ದು, ಅದಕ್ಕೊಂದು ಬೋರ್ಡು ಮಾಡಿಸಬೇಕೆಂದು ಆ ಮನೆಯವರಿಗೂ ಆಸೆ. ನಾಯಿಗೆ ಕೊರೆಯುತ್ತೀರಾ ಎಂದು ಅಂಜುತ್ತಲೇ ಕೇಳಿದೆ. "ಯಾಕ, ನಾಯಿಗಿ ಮಾರಿ ಇಲ್ಲೇನು?" ಎಂದು ಕಾಕಾ ಟೊಪ್ಪಿಗೆ ಹಾಕಿಕೊಂಡು ಕಾರು ಹತ್ತಿದರು.

ಆ ನಾಯಿಯ ಮುಂದೆ ಅವರು ನಿಂತ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಕಾಲುಗಳೆಲ್ಲ ಮೂಲೆ ಮೂಲೆ. ಮೈಮೇಲೆ ಎಲ್ಲಿಯೂ ಬೇಡದ ಒಂದು ಹಿಡಿ ಮಾಂಸ ಇಲ್ಲ, ಆದರೂ ಬಡಕಲು ಅನ್ನುವಂತಿಲ್ಲ. ಕಾಕಾ ಸುತ್ತು ಹಾಕಿ ನೋಡಿದರು. ಅದೂ ಇವರನ್ನು ಅದೇ ಗತ್ತಿನಲ್ಲಿ ನೋಡಿತು. "ನಾ ಇಷ್ಟ ವರ್ಷ ಯಾತರ ಅಕ್ಷರ ಕೊರದ್ನೋ ಅದು ಇಲ್ಲಿ ನಾಕ ಕಾಲಿನ ಮ್ಯಾಲ ನಿಂತೈತಿ ನೋಡು ಬೇ" ಎಂದರು. ಆ ಝ ಅವರು ಕೊರೆದ ಎಲ್ಲ ಅಕ್ಷರಗಳಲ್ಲಿ ಚೆಲುವಾದದ್ದು. ನಡು ಒಳಗೆ ಸೇರಿದೆ, ಎದೆ ಮುಂದೆ ಬಂದಿದೆ, ಈಗ ಓಡುತ್ತದೇನೋ ಅನ್ನಿಸುತ್ತದೆ. ಶೈಲಾ ತನ್ನ ಝ ಬರೆದ ಹಾಳೆಯನ್ನು ತಾನೇ ಹರಿದು ಹಾಕಿದಳು.

ಙ ಮತ್ತು ಞ ಬಿಡಿ ಅಕ್ಷರವಾಗಿ ಯಾರ ಹೆಸರಿನಲ್ಲೂ ಇರುವುದಿಲ್ಲ. ನಾನು ಕೈ ಚೆಲ್ಲಿದ್ದೆ. ಶೈಲಾ ತಾನೇ ಹೋಗಿ ಸ್ಟೂಲಿನ ಮೇಲೆ ಕೂತಳು. "ಅಜ್ಜಾ, ಇವು ಎರಡೂ ನನಗ ಬೇಕು. ಖರೆ ಖರೆ ಬೇಕು. ಬ್ಯಾರೆ ಯಾರಿಗೂ ಬ್ಯಾಡಾದ್ರೂ ನನಗ ಬೇಕು. ನನ್ನ ಮಾರಿ ನೋಡ್ರಿ." ಕಾಕಾ ನೋಡಿದರು. ಎಷ್ಟೋ ಹೊತ್ತು ನೋಡಿದರು. "ಬೇಕು ಅನ್ನಾಕಿ ಒಬ್ಬಾಕಿ ಇದ್ರ ಸಾಕು" ಎಂದು ಕಟ್ಟಿಗೆ ತೆಗೆದುಕೊಂಡರು.

ಉಳಿದದ್ದು ಆ ಒಂದು ಒತ್ತಕ್ಷರ. ಅದು ಸಿಗಲೇ ಇಲ್ಲ. ನಾಲ್ಕು ಊರು ಜಾಲಾಡಿದೆವು, ನೆಂಟರನ್ನೆಲ್ಲ ಕೇಳಿದೆವು, ಶೈಲಾ ಧಾರವಾಡಕ್ಕೆ ವಾಪಸು ಹೋದಳು. ಅಷ್ಟರಲ್ಲಿ ಕಾಕಾನ ಕಣ್ಣಿನ ಆಪರೇಶನ್ ಬಂತು. ಅವರ ಮಗ ಮೊದಲೇ ಹೋಗಿ ಹೆಸರು ಬರೆಸಿಟ್ಟಿದ್ದ, ಅವತ್ತು ಮಗ್ಗ ಬಿಟ್ಟು ಬರುವಂತಿರಲಿಲ್ಲ, ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತಿದ್ದೆವು. ನರ್ಸು ಬಾಗಿಲಿಗೆ ಬಂದು ಒಂದು ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಆಗ ಕಾಕಾ, "ನನ್ನನ್ನ ಕರ್ಯಾಕತ್ತಾರ ಬೇ" ಎಂದು ಎದ್ದರು. ನಾನು ಕೂತಲ್ಲೇ ಕೂತೆ. ಹುಟ್ಟಿದಾಗಿನಿಂದ ಮಿಸ್ತ್ರಿ ಕಾಕಾ ಎಂದು ಕರೆದವಳು, ಅವರ ಪೂರ್ತಿ ಹೆಸರನ್ನು ಯಾರಾದರೂ ಬಾಯಿಬಿಟ್ಟು ಕೂಗಿದ್ದನ್ನು ಕೇಳಿದ್ದು ಅವತ್ತೇ ಮೊದಲು. ನಾವು ಊರೂರು ಹುಡುಕಿದ ಒತ್ತಕ್ಷರ ಅದರ ನಟ್ಟನಡುವೆ ಇತ್ತು. ಯಾರ್ಯಾರ ಹೆಸರನ್ನೋ ಕೊರೆದವರು ತಮ್ಮದನ್ನು ಒಮ್ಮೆಯೂ ಕೊರೆದಿರಲಿಲ್ಲ. ಪೋಸ್ಟರಿನ ಕೆಳಗೆ ಹೆಸರು ಹಾಕುತ್ತೇನೆ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದರಂತೆ. "ಅಕ್ಷರಾ ನೋಡಿದ್ರ ನಾನ ಅಂತ ಗೊತ್ತಾಗತೈತಲ್ರೀ, ಮತ್ತ ಹೆಸರ ಯಾಕ?" ಎಂದಿದ್ದರಂತೆ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವರ ಮನೆಗೆ ಹೋಗಿ, ಗಿರಾಕಿ ಸಿಕ್ಕಿದ್ದಾನೆ ಎಂದೆ. ಫೋನಿನ ಕ್ಯಾಮೆರಾ ತಿರುಗಿಸಿ ಅವರ ಮುಖವನ್ನು ಅವರಿಗೇ ಹಿಡಿದೆ. ಹೊಸ ಕಣ್ಣಿನಿಂದ ಅವರು ಅದನ್ನು ನೋಡಿದರು. "ಇಷ್ಟ ಮುದುಕ ಆಗೇನೇನು ನಾ?" ಎಂದರು. ನಾನು ವ್ಯಾಪಾರದವಳ ಹಾಗೆ, ಒತ್ತಕ್ಷರ ಉಳಿದಿದೆ, ಮುಖ ನೋಡಿಯಾಯಿತು, ಶುರು ಮಾಡಿ ಎಂದೆ.

"ಪೋಸ್ಟರ್ ಯಾತರದು?" ಎಂದರು.

ನಾನು ಫೋನನ್ನು ಬ್ಯಾಗಿಗೆ ಹಾಕಿದೆ.

"ನಾ ಕುಸ್ತಿ ಆಡಂಗಿಲ್ಲ, ನಾಟಕದಾಗ ಇಲ್ಲ, ಎಲೆಕ್ಷನ್‌ಗಿ ನಿಂತಿಲ್ಲ. ಸುಮ್ಮ ಸುಮ್ಮನ ಯಾಂವ ಹೆಸರ ಹಾಕಸ್ತಾನ? ಕಾರಣ ಬೇಕಲ್ಲ." ಮತ್ತೆ ಅವರೇ ಹೇಳಿದರು. "ಒಂದ ಉಳದೈತಿ. ಶ್ರದ್ಧಾಂಜಲಿದು."

ಹಾಗೆಲ್ಲ ಮಾತಾಡಬೇಡಿ ಎಂದು ನಾನು ಗದರಿಸಿದೆ. ಅವರಿಗೆ ಅದೇನೂ ಭಯದ ವಿಷಯವಾಗಿ ಕಾಣಲಿಲ್ಲ. "ಮತ್ತ ಏನ ಮಾಡಾಕಿ? ನನ್ನ ಹೆಸರ ತಗೊಂಡು ಫ್ಲೆಕ್ಸಿನ್ಯಾಗ ಗುಲಾಬಿ ಹೂವಿನ ನಡುವ ಹಾಕಾಕೇನು? ಬಳುಕು ಬಳುಕು ಅಕ್ಷರದಾಗ? ನಾ ಎದ್ದ ಬರ್ತೇನಿ ನೋಡು." ನನಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ಆ ಅಕ್ಷರ ನನಗೆ ಬೇಕಿತ್ತು. ಆ ಕಾರಣ ಬೇಡವಾಗಿತ್ತು. ಅವರಿಗೆ ಕಾರಣವಿಲ್ಲದೆ ಅಕ್ಷರವಿಲ್ಲ. ಬೇಡ ಎಂದು ಬಾಯಿಬಿಟ್ಟಿದ್ದರೆ ಅವರು ಕೊರೆಯುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು. ನಾನು ಅಳುತ್ತ, "ಆತ್ರೀ, ಕೊರೀರಿ" ಎಂದೆ. ಅಳುವುದನ್ನು ನೋಡಿ, "ಕಣ್ಣ ಆಪರೇಶನ್ ನಂದಾಗೇತೋ ನಿಂದೋ?" ಎಂದರು.

ಒತ್ತಕ್ಷರ ಒಂದನ್ನೇ ಅಲ್ಲ, ತಮ್ಮ ಪೂರ್ತಿ ಹೆಸರನ್ನು ಹೊಸದಾಗಿ ಕೊರೆದರು. ಬೇರೆಯವರ ಅಕ್ಷರ ಎರವಲು ತಂದು ತಮ್ಮ ಹೆಸರು ಕಟ್ಟುವುದಿಲ್ಲವಂತೆ. ಜೊತೆಗೆ ಒಂದು ಷರತ್ತು ಹಾಕಿದರು: ಆ ಹೆಸರು ಮೊದಲು ಅಚ್ಚಾಗುವುದು ಆ ಅಕ್ಷರದಲ್ಲೇ ಆಗಬೇಕು, ಬೇರೆ ಯಾವ ಅಕ್ಷರದಲ್ಲೂ ಅಲ್ಲ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಶ್ರದ್ಧಾಂಜಲಿಯ ಪೋಸ್ಟರು ಇನ್ನೂ ಗೋಡೆ ಹತ್ತಿಲ್ಲ. ನೀವು ಈಗ ಓದುತ್ತಿರುವುದು ಮಾಮೂಲಿ ದುಂಡು ಅಕ್ಷರ. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ, ಒತ್ತಕ್ಷರ ಯಾವುದೆಂದೂ ಹೇಳಿಲ್ಲ. ಹೇಳಿದರೆ ಬನಹಟ್ಟಿಯ ಅವರ ಓಣಿಯವರು ಹೆಸರನ್ನೇ ಹೇಳಿಬಿಡುತ್ತಾರೆ.

ಶೈಲಾ ಕೆಲಸ ಮುಗಿಸಿ ಕಂಪ್ಯೂಟರಿನಲ್ಲಿ ತೋರಿಸಿದಾಗ ಕಾಕಾ ಇನ್ನೂ ಗಟ್ಟಿಮುಟ್ಟಾಗಿದ್ದರು. ಕೀಲಿ ಒತ್ತಿದರೆ ಅಕ್ಷರ ಬಂದು ನಿಲ್ಲುವುದನ್ನು ನೋಡಿ, ಇದನ್ನು ಯಾರು ಬೇಕಾದರೂ ಬಳಸುತ್ತಾರೇನು ಎಂದು ಕೇಳಿದರು. ಹೌದು ಎಂದಳು ಶೈಲಾ. "ಮಾರಿ ನೋಡದನ ಬಳಸ್ತಾರ. ಬಳಸ್ಲಿ. ನಾ ನೋಡೇನಲ್ಲ" ಎಂದರು. ಮಾರನೆಯ ವಾರ ಮುಧೋಳದ ರಸ್ತೆಯಲ್ಲಿ ಒಂದು ಟೈರಿನ ಅಂಗಡಿಯ ಫ್ಲೆಕ್ಸಿನ ಮೇಲೆ ಅದನ್ನು ಕಂಡು, ಕಾರು ನಿಲ್ಲಿಸಲು ಹೇಳಿ, ಇಳಿದು ಹಿಂದಕ್ಕೆ ಹಿಂದಕ್ಕೆ ನಡೆದರು. ಅವರ ಹಿಂದೆ ನಾನು ನಡೆದೆ, ಗಾಡಿಗಳನ್ನು ತಡೆಯಲು.

ಅವರ ಹೆಸರಿನ ಪ್ರೂಫ್ ತೆಗೆದದ್ದು ಅದಕ್ಕೂ ಮೊದಲು, ಒಂದು ಮಧ್ಯಾಹ್ನ. ಹಿಂದಿನ ಕೋಣೆಯಲ್ಲಿ ನಾವಿಬ್ಬರೇ. ಅಕ್ಷರಗಳನ್ನು ಅವರೇ ಜೋಡಿಸಿ, ಮಸಿ ಹಚ್ಚಿ, ಹಾಳೆ ಹಾಸಿ ಕೈಯಿಂದ ಒತ್ತಿದರು. ಎತ್ತಿದಾಗ ಹೆಸರು ಇಡೀ ಹಾಳೆಯ ಅಗಲಕ್ಕೆ, ಎಲ್ಲಿಯೂ ಮುರಿಯದೆ, ಒಂದೇ ಸಾಲಿನಲ್ಲಿ ನಿಂತಿತ್ತು. ಕಾಕಾ ಈ ಸಲ ಹೊಗಳಿಕೊಳ್ಳಲಿಲ್ಲ, ಹಿಂದೆ ಸರಿದು ನೋಡಲಿಲ್ಲ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ಎರಡು ಅಕ್ಷರಗಳ ನಡುವಿನ ಸಂದು ಒಂದಿಷ್ಟು ಹೆಚ್ಚಾಗಿದೆ ಎಂದು ಕಂಡಿತು. ರಟ್ಟಿನ ಚೂರು ತೆಗೆದು ಸರಿಪಡಿಸಿ, ಇನ್ನೊಂದು ಪ್ರೂಫ್ ತೆಗೆದು, ಈಗ ಸರಿಯಾಯಿತು ಎಂದು ತಲೆಯಾಡಿಸಿದರು. ಎರಡೂ ಹಾಳೆಗಳನ್ನು ಒಲೆಗೆ ಹಾಕಲು ಹೇಳಿದರು, ಪ್ರೂಫು ಗೋಡೆಗಲ್ಲ ಎಂದರು.

"ಇದನ್ನ ಯಾವಾಗ ಅಚ್ಚ ಹಾಕಾಕಿ?" ಎಂದು ಕೇಳಿದರು.

"ನೀವು ಹೋದ ಮ್ಯಾಲ ರೀ" ಎಂದೆ. ಅವರ ಜೊತೆ ಇದ್ದು ಇದ್ದು ನನಗೂ ಹಾಗೆ ಮಾತಾಡಲು ಬಂದಿತ್ತು.

"ಹಂಗಾರ ಇನ್ನ ತಡಾ ಐತಿ. ಮಸಿ ಒರಸಿ ಇಡು."

ಒರೆಸಿ, ಜೋಡಿಸಿದ್ದನ್ನು ಬಿಚ್ಚದೆ ಹಾಗೇ ದಾರದಿಂದ ಕಟ್ಟಿ ಕಪಾಟಿನಲ್ಲಿಟ್ಟಿದ್ದೆ. ನಿನ್ನೆ ಅವರ ಮಗ ಬಂದು, ತಿಂಗಳಾಯಿತು ಅಕ್ಕಾ, ಅಪ್ಪನ ಪೋಸ್ಟರ್ ಹಾಕಿಬಿಡಿ ಎಂದ. ಅವನು ಹೋದ ಮೇಲೆ ಕಟ್ಟು ಹೊರಗೆ ತೆಗೆದು ಮಷೀನಿನ ಮೇಲಿಟ್ಟು ದಾರ ಬಿಚ್ಚಿದೆ. ನಾನು ಸರಿಪಡಿಸಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ. ಮಸಿ ಮಾತ್ರ ಹಚ್ಚಬೇಕು.